ಕೃತಕ ಕಾಲು ಮಾಡುವ ಪದವಿ, ತಿಂಗಳಿಗೆ 43ರ ಕಂತು

ಮೊದಲು ಲೆಕ್ಕದ ಬಗ್ಗೆ ಒಂದು ಮಾತು. ಸಾಲ ಮಾಡಿ ಕೃತಕ ಕಾಲು ಮಾಡುವ ಪದವಿ ಓದಲು ಹೊರಟ ಒಬ್ಬ ಹುಡುಗಿಯ ಈ ಪ್ರಕರಣದಲ್ಲಿ ಹಣವನ್ನು ಯಾವ ದೇಶದ ನಾಣ್ಯದಲ್ಲೂ ಹೇಳಿಲ್ಲ. ಆ ಕ್ಷೇತ್ರದಲ್ಲಿ ಪದವಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದವರ ಕೈಗೆ ಬರುವ ತಿಂಗಳ ಸಂಬಳವನ್ನು 100 ಎಂದು ಇಟ್ಟುಕೊಂಡಿದ್ದೇನೆ. ಫೀಸು, ಸಾಲ, ಕಂತು ಎಲ್ಲವೂ ಅದರ ಅಳತೆಯಲ್ಲಿವೆ. ನಿಮ್ಮ ಮನೆಯ ಲೆಕ್ಕಕ್ಕೆ ಕೂತಾಗ 100ರ ಜಾಗದಲ್ಲಿ ನಿಮ್ಮ ಸಂಖ್ಯೆ ಬರೆದುಕೊಂಡರೆ ಸಾಕು. ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಸಂಖ್ಯೆಗಳನ್ನು ಸರಳ ಮಾಡಿದ್ದೇನೆ.

ಹುಡುಗಿಗೆ ಆಗ ಹದಿನೆಂಟು ತುಂಬಿತ್ತು. ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಓದಬೇಕು ಅಂತ ಹಟ ಹಿಡಿದಿದ್ದಳು. ಕಾಲು ಕೈ ಕಳೆದುಕೊಂಡವರಿಗೆ ಕೃತಕ ಅವಯವ, ಬಲ ಕುಂದಿದ ಕಾಲಿಗೋ ಬಾಗಿದ ಬೆನ್ನಿಗೋ ಆಧಾರಪಟ್ಟಿ ಮಾಡಿಕೊಡುವ ವಿದ್ಯೆ ಅದು. ಓದು 4 ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿರಲಿಲ್ಲ, ಖಾಸಗಿ ಕಾಲೇಜು ಕರೆದಿತ್ತು. ಫೀಸು ವರ್ಷಕ್ಕೆ 600, ನಾಲ್ಕು ವರ್ಷಕ್ಕೆ 2400. ಊಟ ವಸತಿಯ ಖರ್ಚನ್ನು ಮನೆಯವರು ಹೊಂದಿಸಿಕೊಳ್ಳುತ್ತಾರೆ, ಫೀಸು ಪೂರ್ತಿ ಸಾಲ. ಬಡ್ಡಿ ಶೇ. 10.

ಸಲಹೆ ಕೇಳಲು ನನ್ನ ಬಳಿ ಬಂದಾಗ ಅವಳ ಅಪ್ಪನ ಕೈಯಲ್ಲಿ ಬ್ಯಾಂಕಿನ ಕಾಗದ ಇತ್ತು. "ಮೇಡಂ, ಬ್ಯಾಂಕಿನವರೇ ಕೊಡ್ತೀವಿ ಅಂದಿದ್ದಾರೆ. ಅವರು ನೋಡದೆ ಕೊಡ್ತಾರಾ? ನಾಳೆ ಸಹಿ ಹಾಕೋದು. ಅದಕ್ಕೂ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಬಂದ್ವಿ."

ಈ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಬ್ಯಾಂಕು ಸಾಲ ಮಂಜೂರು ಮಾಡಿದೆ ಅಂದರೆ ಆ ಸಾಲ ತೀರಿಸುವಂಥದ್ದೇ ಇರಬೇಕು ಅನ್ನುವ ನಂಬಿಕೆ. ಆದರೆ ಆ ಕಾಗದ ಓದಿ ನೋಡಿದೆ. ಬ್ಯಾಂಕು ಲೆಕ್ಕಕ್ಕೆ ತೆಗೆದುಕೊಂಡಿದ್ದು ಮಗಳ ಮುಂದಿನ ಸಂಬಳವನ್ನಲ್ಲ, ಅಪ್ಪನ ಆದಾಯವನ್ನು, ಜಾಮೀನಿಗೆ ಬೀಳಲಿರುವ ಅಪ್ಪನ ಸಹಿಯನ್ನು. ಬ್ಯಾಂಕಿನ ಹಣ ವಾಪಸು ಬರುವುದಕ್ಕೆ ಅಷ್ಟು ಸಾಕು. ಹುಡುಗಿ ಆ ಕಂತು ಕಟ್ಟಿಕೊಂಡು ಬದುಕಬಲ್ಲಳೇ ಅನ್ನುವುದು ಬೇರೆಯೇ ಪ್ರಶ್ನೆ, ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಒಂದು ಹಾಳೆ ತೆಗೆದುಕೊಂಡೆವು.

ಸಾಲ ಒಂದೇ ಸಲ ಕೈಗೆ ಬರುವುದಿಲ್ಲ. ವರ್ಷದ ಮೊದಲಿಗೆ 600ರಂತೆ ನಾಲ್ಕು ಸಲ ಬರುತ್ತದೆ. ಕಂತು ಶುರುವಾಗುವುದು ಐದು ವರ್ಷದ ಮೇಲೆ. ಅಲ್ಲಿಯವರೆಗೆ ಏನೂ ಕಟ್ಟಬೇಕಿಲ್ಲ ಅಂತ ಅಪ್ಪ ಸಮಾಧಾನದಲ್ಲಿದ್ದರು. ಕಟ್ಟಬೇಕಿಲ್ಲ ನಿಜ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಮೊದಲ 600ಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿ ಹಿಡಿದರೂ ಒಟ್ಟು 840. ಅಂದರೆ ಮೊದಲ ಕಂತು ಕಟ್ಟುವ ದಿನ ಸಾಲ 2400 ಅಲ್ಲ, 3240. ಅದನ್ನು 10 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 43.

100ರ ಸಂಬಳದಲ್ಲಿ 43. ಹುಡುಗಿ ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದಳು, ಏನೂ ಮಾತಾಡಲಿಲ್ಲ. ಬಾಡಿಗೆ, ಊಟ, ಓಡಾಟ, ಫೋನು ಅಂತ ಅವಳೇ ಒಂದೊಂದಾಗಿ ಬರೆದು ಕೂಡಿದಳು. ಎಷ್ಟು ಬಿಗಿ ಹಿಡಿದರೂ 55ಕ್ಕಿಂತ ಕೆಳಗೆ ಬರಲಿಲ್ಲ. ಉಳಿದದ್ದು 2. ಒಂದು ಸಲ ಜ್ವರ ಬಂದು ವಾರ ಮಲಗಿದರೆ ಆ 2 ಇರುವುದಿಲ್ಲ.

"15 ವರ್ಷಕ್ಕೆ ಮಾಡಿಸಿದರೆ?" ಅಪ್ಪ ಕೇಳಿದರು. ಕಂತು 35ಕ್ಕೆ ಇಳಿಯುತ್ತದೆ. ಆದರೆ 10 ವರ್ಷದ ಸಾಲದಲ್ಲಿ ಒಟ್ಟು ಕಟ್ಟುವುದು ಸುಮಾರು 5140 ಆದರೆ, 15 ವರ್ಷದ್ದರಲ್ಲಿ 6270 ಹತ್ತಿರ ಹೋಗುತ್ತದೆ. ತಿಂಗಳಿಗೆ 8 ಉಳಿಸಲು ಒಟ್ಟಿನಲ್ಲಿ 1100ಕ್ಕೂ ಹೆಚ್ಚು, ಅಂದರೆ ಹನ್ನೊಂದು ತಿಂಗಳ ಸಂಬಳ, ಕೈಬಿಟ್ಟು ಹೋಗುತ್ತದೆ. ಹುಡುಗಿಗೆ ಮೂವತ್ತೆಂಟಾದರೂ ಕಂತು ಮುಗಿದಿರುವುದಿಲ್ಲ.

"ಸಂಬಳವೂ ಏರುತ್ತಲ್ಲ ಮೇಡಂ" ಅಂದರು. ಈ ಮಾತು ಸರಿ, ತಳ್ಳಿಹಾಕುವಂಥದ್ದಲ್ಲ. ವರ್ಷಕ್ಕೆ ಶೇ. 6ರಂತೆ ಏರಿದರೂ ಐದು ವರ್ಷದಲ್ಲಿ 100 ಇದ್ದದ್ದು 134 ಆಗುತ್ತದೆ, ಕಂತು 43ರಲ್ಲೇ ಇರುತ್ತದೆ. ಆದರೆ ಬಾಡಿಗೆ ಊಟದ ಖರ್ಚೂ ಏರುತ್ತದೆ. ಅದಕ್ಕಿಂತ ಮುಖ್ಯ, ಮೊದಲ ಎರಡು ಮೂರು ವರ್ಷ ದಾಟಿದರೆ ತಾನೇ ಐದನೇ ವರ್ಷ ಬರುವುದು? ಸಾಲ ಮಾಡಿದವರು ಎಡವುವುದು ಆ ಇಕ್ಕಟ್ಟಿನ ವರ್ಷಗಳಲ್ಲಿ. ಕಂತಿನ ಒತ್ತಡಕ್ಕೆ ಸಿಕ್ಕ ಮೊದಲ ಕೆಲಸ ಹಿಡಿದು, ಒಳ್ಳೆಯ ಗುರು ಇರುವ ಕಡೆ ಕಡಿಮೆ ಸಂಬಳಕ್ಕೆ ಕಲಿಯುವ ಅವಕಾಶ ಬಿಟ್ಟವರನ್ನು ನಾನು ನೋಡಿದ್ದೇನೆ. ಅದರ ನಷ್ಟ ಯಾವ ಹಾಳೆಯಲ್ಲೂ ಕಾಣುವುದಿಲ್ಲ.

ಸಾಲ ಎಷ್ಟಿರಬಹುದು ಅನ್ನುವುದಕ್ಕೆ ಸಲಹೆಗಾರರು ಬಳಸುವ ಒಂದು ಸ್ಥೂಲ ಅಳತೆ ಇದೆ. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರಬಾರದು. ಇಲ್ಲಿ ವರ್ಷದ ಸಂಬಳ 1200, ಸಾಲ ಅದರ ಎರಡು ಪಟ್ಟು. ಅಮೆರಿಕ ಸರ್ಕಾರ ವೃತ್ತಿ ಕೋರ್ಸುಗಳಿಗೆ 2014ರಲ್ಲಿ ಇದಕ್ಕಿಂತ ಬಿಗಿಯಾದ ಪರೀಕ್ಷೆ ತಂದಿತು. ಓದಿ ಹೊರಬಂದವರ ವರ್ಷದ ಕಂತು ಅವರ ವಾರ್ಷಿಕ ಆದಾಯದ ಶೇ. 8ರೊಳಗೆ, ಇಲ್ಲವೇ ಮೂಲ ಖರ್ಚು ಕಳೆದು ಉಳಿಯುವ ಆದಾಯದ ಶೇ. 20ರೊಳಗೆ ಇರಬೇಕು ಅಂತ. ಆ ನಿಯಮ 2019ರಲ್ಲಿ ರದ್ದಾಯಿತು, 2023ರಲ್ಲಿ ಮತ್ತೆ ರೂಪಿಸಿದರು. ಆ ಅಂಕಿಗಳನ್ನು ಹಾಗೆಯೇ ಎಲ್ಲ ಕಡೆ ಹೇರಲು ಬರುವುದಿಲ್ಲ. ಆದರೂ ಶೇ. 8 ಎಲ್ಲಿ, 43 ಎಲ್ಲಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಲ್ಲ ಸಾಲವೂ ಒಂದೇ ಜಾತಿಯದ್ದಲ್ಲ. ಆಸ್ಟ್ರೇಲಿಯಾ 1989ರಲ್ಲಿ ತಂದ ಪದ್ಧತಿಯಲ್ಲಿ ಆದಾಯ ಒಂದು ಮಿತಿ ದಾಟುವವರೆಗೆ ಮರುಪಾವತಿಯೇ ಇಲ್ಲ. ಇಂಗ್ಲೆಂಡಿನ ಪದವಿ ಸಾಲದಲ್ಲಿ ಮಿತಿಯ ಮೇಲಿನ ಆದಾಯದಿಂದ ಮಾತ್ರ ಶೇ. 9 ಹಿಡಿಯುತ್ತಾರೆ, ಗೊತ್ತುಮಾಡಿದ ವರ್ಷಗಳು ಕಳೆದ ಮೇಲೆ ಉಳಿದದ್ದು ಮನ್ನಾ. ಅಂಥ ಸಾಲದಲ್ಲಿ ಸಂಬಳ ಕಡಿಮೆಯಾದರೆ ಕಂತೂ ಇಳಿಯುತ್ತದೆ, ಅಪಾಯದಲ್ಲಿ ಸರ್ಕಾರಕ್ಕೂ ಪಾಲಿದೆ. ಈ ಹುಡುಗಿಯ ಮುಂದಿದ್ದದ್ದು ಕಟ್ಟಾ ಕಂತು. ಸಂಬಳ ಬರಲಿ ಬಿಡಲಿ, ತಿಂಗಳು ತಿಂಗಳು 43. ಸಾಲದ ಕಾಗದದಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ಸಾಲು ಇದೇ, ಬಡ್ಡಿದರ ಆಮೇಲೆ.

ಶೇ. 95 ಅಂದರೆ ಎಷ್ಟು ಜನ?

ಕಾಲೇಜಿನ ಪುಸ್ತಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಎರಡೇ ಸಂಖ್ಯೆ. ಪ್ಲೇಸ್‌ಮೆಂಟ್ ಶೇ. 95, ಸರಾಸರಿ ಸಂಬಳ 130. ಅಪ್ಪನ ಧೈರ್ಯವೆಲ್ಲ ನಿಂತಿದ್ದು ಈ 130ರ ಮೇಲೆ.

ಕಾಲೇಜಿಗೆ ಫೋನು ಮಾಡಿ ಕೇಳು ಅಂತ ಹುಡುಗಿಗೆ ಹೇಳಿದೆ. ಶೇಕಡಾವಾರು ಬೇಡ, ತಲೆ ಎಣಿಕೆ ಕೇಳು: ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಮುಗಿಸಿದರು, ಎಷ್ಟು ಜನ ಕೆಲಸಕ್ಕೆ ಹೆಸರು ಕೊಟ್ಟರು, ಎಷ್ಟು ಜನರಿಗೆ ಇದೇ ಕ್ಷೇತ್ರದಲ್ಲಿ ಕೆಲಸ ಸಿಕ್ಕಿತು. ಮೂರು ಸಲ ಫೋನು ಮಾಡಿದ ಮೇಲೆ ಯಾರೋ ಒಬ್ಬರು ಸಾವಧಾನವಾಗಿ ಹೇಳಿದರು. ಹಿಂದಿನ ತಂಡಕ್ಕೆ ಸೇರಿದ್ದು 40. ಸಮಯಕ್ಕೆ ಮುಗಿಸಿದ್ದು 26. ಕೆಲಸಕ್ಕೆ ಹೆಸರು ಕೊಟ್ಟದ್ದು 20. ಸಿಕ್ಕಿದ್ದು 19 ಜನರಿಗೆ.

20ಕ್ಕೆ 19 ಅಂದರೆ ಶೇ. 95. ಕಾಲೇಜು ಸುಳ್ಳು ಹೇಳಿರಲಿಲ್ಲ. ಆದರೆ ಫೀಸು ಕಟ್ಟಿ ಒಳಗೆ ಹೋದವರು 40, ಆ ಲೆಕ್ಕದಲ್ಲಿ ಅದು ಅರ್ಧಕ್ಕೂ ಕಡಿಮೆ.

130ರ ಕಥೆಯೂ ಹೀಗೇ. 19 ಜನರಲ್ಲಿ ಇಬ್ಬರು ಹೊರದೇಶಕ್ಕೆ ಹೋಗಿದ್ದರು, ಒಬ್ಬೊಬ್ಬರಿಗೆ 450ರಷ್ಟು. ಅವರಿಬ್ಬರನ್ನು ಬದಿಗಿಟ್ಟರೆ ಉಳಿದ 17 ಜನರ ಸರಾಸರಿ 92. ನಾವು ಹಿಡಿದ 100ಕ್ಕಿಂತಲೂ ಕಡಿಮೆ. ಅದಕ್ಕೇ ಸರಾಸರಿ ಕೇಳಬಾರದು. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರಿಗೆ ಎಷ್ಟು ಅಂತ ಕೇಳಬೇಕು. ಸಾಲ ಮಾಡಿ ಓದುವವರು ಇನ್ನೂ ಕೆಳಗಿಳಿದು, ಕೊನೆಯ ಕಾಲುಭಾಗದಲ್ಲಿ ನಿಂತವರ ಸಂಬಳ ಕೇಳಬೇಕು. ಎಲ್ಲವೂ ನೆಟ್ಟಗೆ ಹೋದರೆ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.

ಸಮಯಕ್ಕೆ ಮುಗಿಸದ 14 ಜನ ನನ್ನ ತಲೆಯಿಂದ ಹೋಗಲಿಲ್ಲ. ಅಮೆರಿಕದ ವಿದ್ಯಾರ್ಥಿ ಸಾಲದ ಅಧ್ಯಯನಗಳಲ್ಲಿ ಪದೇಪದೇ ಕಂಡ ಸಂಗತಿ ಒಂದಿದೆ. ಕಂತು ಕಟ್ಟಲಾಗದೆ ಸೋಲುವುದರಲ್ಲಿ ದೊಡ್ಡ ಸಾಲ ಮಾಡಿ ಪದವಿ ಪಡೆದವರಿಗಿಂತ, ಚಿಕ್ಕ ಸಾಲ ಮಾಡಿ ಓದು ಅರ್ಧಕ್ಕೆ ಬಿಟ್ಟವರೇ ಮುಂದೆ. ಸಾಲ ಹೆಗಲಿಗೆ ಬಂದಿರುತ್ತದೆ, ಅದನ್ನು ತೀರಿಸಲು ಬೇಕಾದ ಪದವಿ ಕೈಗೆ ಬಂದಿರುವುದಿಲ್ಲ. ಹಾಗಾಗಿ ಹುಡುಗಿಯನ್ನು ನೇರವಾಗಿ ಕೇಳಿದೆ: "ನೀನು ಇದನ್ನ ಮುಗಿಸ್ತೀಯ ಅಂತ ನಿನಗೆ ಹೇಗೆ ಗೊತ್ತು?"

ಅವಳ ಹತ್ತಿರ ಉತ್ತರ ಇರಲಿಲ್ಲ. ವಿಡಿಯೊಗಳಲ್ಲಿ ನೋಡಿದ್ದಳು ಅಷ್ಟೇ. ಕೆಲಸ ನಡೆಯುವ ಜಾಗಕ್ಕೆ ಒಂದು ದಿನವೂ ಹೋಗಿರಲಿಲ್ಲ.

ಅಗತ್ಯ ಮತ್ತು ಸಂಬಳ

ಅವಳು ಆಡಿದ ಒಂದು ಮಾತು ನನಗೆ ತುಂಬ ಹಿಡಿಸಿತು, ಅಷ್ಟೇ ಚಿಂತೆಯನ್ನೂ ಹಚ್ಚಿತು. "ಇಷ್ಟೊಂದು ಜನಕ್ಕೆ ಬೇಕಾಗಿರೋ ಕೆಲಸ ಮೇಡಂ, ಸಂಬಳ ಬರದೆ ಹೇಗಿರುತ್ತೆ?"

ಬೇಕಾದವರು ಬಹಳ ಇದ್ದಾರೆ, ಅದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಈ ಸೇವೆಗಳಿಗೆ ಮಾನದಂಡಗಳನ್ನು ಪ್ರಕಟಿಸಿತು. ಯಾವುದೇ ಜನಸಮೂಹದಲ್ಲಿ ಸಾವಿರಕ್ಕೆ ಐವರಷ್ಟು ಮಂದಿಗೆ ಕೃತಕ ಅವಯವ ಅಥವಾ ಆಧಾರ ಸಾಧನದ ಅಗತ್ಯ ಇರುತ್ತದೆ ಅನ್ನುವ ಅಂದಾಜು ಈ ಕ್ಷೇತ್ರದಲ್ಲಿ ಚಾಲ್ತಿಯಲ್ಲಿದೆ. ಬೆಳೆಯುವ ಮಕ್ಕಳಿಗಂತೂ ಒಮ್ಮೆ ಮಾಡಿದರೆ ಮುಗಿಯಲಿಲ್ಲ, ಕಾಲು ಬೆಳೆದಂತೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಗೂಡು, ಬದಲಿಸುತ್ತಲೇ ಇರಬೇಕು. ಆದರೆ ಅಗತ್ಯ ಬೇರೆ, ಹಣ ಕೊಟ್ಟು ಕೊಳ್ಳುವ ಶಕ್ತಿ ಬೇರೆ. ಕಾಲು ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಅದರ ಜೊತೆಗೇ ದುಡಿಮೆಯನ್ನೂ ಕಳೆದುಕೊಂಡಿರುತ್ತಾರೆ. ಆ ಸೇವೆಗೆ ಹಣ ಹಾಕುವವರು ಸರ್ಕಾರ, ವಿಮೆ, ಇಲ್ಲವೇ ದಾನಿಗಳು. ಅವರು ಎಷ್ಟು ಹಾಕುತ್ತಾರೋ ಸಂಬಳ ಅಷ್ಟರೊಳಗೆ ಹುಟ್ಟಬೇಕು.

ವಿಶೇಷ ಪದವಿಗಳಿಗೆ ಇನ್ನೊಂದು ಇಕ್ಕಟ್ಟಿದೆ. ಕೆಲಸ ಕೊಡುವ ಜಾಗಗಳು ಕೆಲವೇ. ನಾಲ್ಕೈದು ಕೇಂದ್ರಗಳಷ್ಟೇ ಇದ್ದರೆ ಸಂಬಳ ಅವರು ಹೇಳಿದ್ದೇ, ಬಿಟ್ಟು ಬೇರೆ ಕಡೆ ಹೋಗುತ್ತೇನೆ ಅನ್ನಲು ಬೇರೆ ಕಡೆ ಇರುವುದಿಲ್ಲ. ಪದವಿ ಕಿರಿದಾದಷ್ಟೂ ಕೌಶಲಕ್ಕೆ ಒಳಗೆ ಬೆಲೆ ಹೆಚ್ಚು, ಹೊರಗೆ ಕಡಿಮೆ. ಆದ್ದರಿಂದ ಈ ಕ್ಷೇತ್ರ ಬಿಡಬೇಕಾಗಿ ಬಂದರೆ ಈ ಪದವಿಗೆ ಎಷ್ಟು ಸಿಗುತ್ತದೆ ಅಂತಲೂ ಬರೆದುಕೊಂಡೆವು. ಸಾಮಾನ್ಯ ಪದವೀಧರರ ಆರಂಭದ ಸಂಬಳ, 60ರ ಸುತ್ತಮುತ್ತ.

ಇಲ್ಲಿಗೆ ಬಂದಾಗ ಅಪ್ಪನ ಮನಸ್ಸು ಇನ್ನೊಂದು ತುದಿಗೆ ಹಾರಿತು. "ಹಾಗಾದ್ರೆ ಬೇಡವೇ ಬೇಡ ಬಿಡಿ. ಮೆಕ್ಯಾನಿಕಲ್ ಇಂಜಿನಿಯರಿಂಗೋ ಫಿಸಿಯೋಥೆರಪಿಯೋ ಓದಲಿ." ಹುಡುಗಿಯ ಕಣ್ಣು ತುಂಬಿತು. ಅಪ್ಪ ಹೇಳಿದ ದಾರಿ ಕೆಟ್ಟದ್ದೇನಲ್ಲ. ಅಗಲವಾದ ಪದವಿ ಓದಿ, ಆಮೇಲೆ ಸ್ನಾತಕೋತ್ತರದಲ್ಲಿ ಈ ಕಡೆಗೆ ಬಂದವರಿದ್ದಾರೆ. ಆದರೆ ಒಂದು ಸಂಖ್ಯೆ ಹೆದರಿಸಿತು ಅಂತ ಆಸೆಯನ್ನೇ ಕೈಬಿಡುವುದು ನನಗೆ ಸರಿ ಕಾಣಲಿಲ್ಲ. ಆ 43 ಯಾವ ಯಾವ ತುಂಡುಗಳಿಂದ ಆಗಿದೆ, ಯಾವುದನ್ನು ಇಳಿಸಬಹುದು ಅಂತ ನೋಡುವುದು ಬಾಕಿ ಇತ್ತು. ಅವರು ಮರುದಿನ ಸಹಿ ಹಾಕಲಿಲ್ಲ. ಆ ವರ್ಷ ಸೇರುವುದೇ ಬೇಡ, ಮುಂದಿನ ವರ್ಷ ಸರ್ಕಾರಿ ಸೀಟಿಗೆ ಇನ್ನೊಮ್ಮೆ ಪ್ರಯತ್ನಿಸೋಣ, ಅಲ್ಲಿಯವರೆಗೆ ಕೃತಕ ಕಾಲು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಸಹಾಯಕಿಯಾಗಿ ಇರಲಿ ಅಂತಾಯಿತು.

"ಒಂದು ವರ್ಷ ಹಾಳಾಗುತ್ತಲ್ಲ" ಅಂತ ಅಪ್ಪನಿಗೆ ಸಂಕಟ. ಅದನ್ನೂ ಹಾಳೆಗೆ ತಂದೆವು. ಒಂದು ವರ್ಷ ತಡವಾದರೆ ಕಳೆದುಕೊಳ್ಳುವುದು ಒಂದು ವರ್ಷದ ಸಂಬಳ, 1200 ಅಂತಿಟ್ಟುಕೊಳ್ಳಿ. ವರ್ಕ್‌ಶಾಪಿನಲ್ಲಿ ತಿಂಗಳಿಗೆ 40ರಂತೆ 10 ತಿಂಗಳಿಗೆ 400 ಬರುತ್ತದೆ. ನಿಜವಾದ ನಷ್ಟ 800. ಅದಕ್ಕೆ ಬದಲು ಏನು ಸಿಗುತ್ತದೆ ಅನ್ನುವುದು ಆಗ ನಮಗೂ ಗೊತ್ತಿರಲಿಲ್ಲ.

ವರ್ಕ್‌ಶಾಪಿನ ಹತ್ತು ತಿಂಗಳು

ಎರಡು ತಿಂಗಳ ಮೇಲೆ ಅವಳನ್ನು ನೋಡಲು ಹೋಗಿದ್ದೆ. ಮೊಣಕಾಲಿನ ಕೆಳಗೆ ಕಾಲು ಹೋದ ಒಬ್ಬರು ಬೆಂಚಿನ ಮೇಲೆ ಕೂತಿದ್ದರು. ಹಿರಿಯ ತಂತ್ರಜ್ಞರು ಉಳಿದ ಕಾಲಿನ ಮೇಲೆ ತೆಳ್ಳನೆಯ ಬಟ್ಟೆ ಏರಿಸಿ, ಮೂಳೆ ಎದ್ದ ಕಡೆಯೆಲ್ಲ ನೇರಳೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದರು. ಅದು ಗಟ್ಟಿಯಾಗಿ ಕಳಚಿದಾಗ ಆ ಗುರುತುಗಳೆಲ್ಲ ಪ್ಲಾಸ್ಟರಿನ ಒಳಮೈಗೆ ಇಳಿದಿದ್ದವು. ಅದರೊಳಗೆ ಮತ್ತೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ತೆಗೆಯುತ್ತಾರೆ, ಅದನ್ನು ಅರದಿಂದ ತಿದ್ದಿ, ಅದರ ಮೇಲೆ ಸಾಕೆಟ್ ಮಾಡುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುರಜ್ಜು ಭಾರ ತಾಳುತ್ತದೆ, ಅಲ್ಲಿ ಕೆರೆದು ತಗ್ಗು ಮಾಡಬೇಕು. ಹೊರಮಗ್ಗುಲಿನ ಸಣ್ಣ ಮೂಳೆಯ ತಲೆ ತಾಳುವುದಿಲ್ಲ, ಅಲ್ಲಿ ಪ್ಲಾಸ್ಟರ್ ಮೆತ್ತಿ ಉಬ್ಬಿಸಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೂ ಗಾಯ. ಹುಡುಗಿಯ ತಲೆಗೂದಲು, ಹುಬ್ಬು ಎಲ್ಲ ಬಿಳಿ ಪುಡಿ. ರೆಸಿನ್ ವಾಸನೆಗೆ ಮೊದಲ ವಾರ ತಲೆನೋವು ಬರುತ್ತಿತ್ತಂತೆ. "ಈಗ ವಾಸನೆ ಗೊತ್ತಾಗಲ್ಲ ಮೇಡಂ. ಅವರು ಎದ್ದು ನಿಂತು ಮೊದಲ ಸಲ ಭಾರ ಬಿಡ್ತಾರಲ್ಲ, ಆಗ ಮುಖ ಮಾತ್ರ ನೋಡ್ತೀನಿ. ಎಲ್ಲಿ ಚುಚ್ಚುತ್ತೆ ಅಂತ ಮುಖದಲ್ಲೇ ಗೊತ್ತಾಗುತ್ತೆ."

ಓದು ಮುಗಿಸುತ್ತಾಳೋ ಇಲ್ಲವೋ ಅನ್ನುವ ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಆ 14 ಜನರ ಸಾಲಿನಲ್ಲಿ ಇವಳು ಇರುವ ಸಂಭವ ನನ್ನ ಕಣ್ಣಿಗಂತೂ ಕಡಿಮೆಯಾಯಿತು.

ಈ ವೃತ್ತಿಯಲ್ಲಿ ಮೆಟ್ಟಿಲುಗಳಿವೆ ಅನ್ನುವುದೂ ಅಲ್ಲೇ ಗೊತ್ತಾಯಿತು. 1970ರಲ್ಲಿ ಹುಟ್ಟಿದ ಐಎಸ್‌ಪಿಒ ಅನ್ನುವ ಅಂತರರಾಷ್ಟ್ರೀಯ ಸಂಘ ಪದವೀಧರರು, ಅವರ ಸಹವರ್ತಿಗಳು, ತಂತ್ರಜ್ಞರು ಅಂತ ಮೂರು ಹಂತದ ತರಬೇತಿಯನ್ನು ಗುರುತಿಸುತ್ತದೆ. ಕಾಲೇಜಿಗೆ ಈ ಸಂಘದ ಅಥವಾ ಆಯಾ ದೇಶದ ಪರಿಷತ್ತಿನ ಮಾನ್ಯತೆ ಇದೆಯೇ ಅಂತ ಸೇರುವ ಮೊದಲೇ ನೋಡಬೇಕು. ಈ ಕಾಲೇಜಿಗೆ ಇತ್ತು.

ಮುಂದಿನ ವರ್ಷವೂ ಸರ್ಕಾರಿ ಸೀಟು ಕೆಲವೇ ಸ್ಥಾನಗಳಲ್ಲಿ ತಪ್ಪಿತು. ಆ ದಿನ ಮೂವರಿಗೂ ಬೇಸರವಾಯಿತು. ಆದರೆ ಕೈ ಖಾಲಿ ಇರಲಿಲ್ಲ. ಅವಳು ಸಂಬಳದಲ್ಲಿ ತಿಂಗಳಿಗೆ 25 ಉಳಿಸಿ 250 ಮಾಡಿದ್ದಳು. ವರ್ಕ್‌ಶಾಪಿನವರು ಅವಳ ಕೆಲಸದ ಬಗ್ಗೆ ಪತ್ರ ಬರೆದುಕೊಟ್ಟಿದ್ದರು. ಆ ಖಾಸಗಿ ಕಾಲೇಜಿನಲ್ಲಿ ಈ ವಿಭಾಗದ ಸೀಟುಗಳು ಇನ್ನೂ ಖಾಲಿ ಉಳಿದಿದ್ದವು. ಪತ್ರ ಹಿಡಿದುಕೊಂಡು ಹೋಗಿ ಫೀಸಿನಲ್ಲಿ ರಿಯಾಯಿತಿ ಕೇಳಿದಳು. ಕೇಳಲು ಸಂಕೋಚ ಪಡುವವರೇ ಹೆಚ್ಚು, ಅವಳೂ ಬಾಗಿಲ ಹೊರಗೆ ಅರ್ಧ ಗಂಟೆ ನಿಂತಿದ್ದಳಂತೆ. ಕಾಲುಭಾಗ ಬಿಟ್ಟರು, 600 ಇದ್ದದ್ದು 450 ಆಯಿತು. ಮೊದಲ ವರ್ಷಕ್ಕೆ ಮಾತ್ರವೋ ನಾಲ್ಕು ವರ್ಷಕ್ಕೋ ಅಂತ ನಾನು ಕೇಳಿಸಿದೆ. ಎಲ್ಲ ವಿಷಯದಲ್ಲೂ ಪಾಸಾಗುತ್ತಿದ್ದರೆ ನಾಲ್ಕು ವರ್ಷಕ್ಕೂ ಅಂತ ಬರಹದಲ್ಲಿ ಕೊಟ್ಟರು. ಮೊದಲ ವರ್ಷ ಆಮಿಷಕ್ಕೆ ಬಿಟ್ಟು ಎರಡನೇ ವರ್ಷ ಪೂರ್ತಿ ವಸೂಲಿ ಮಾಡುವುದು ಆಗುತ್ತಿರುತ್ತದೆ, ಬರಹ ಇಲ್ಲದೆ ನಂಬಬಾರದು.

ಹೊಸ ಲೆಕ್ಕ ಹೀಗಾಯಿತು. ಮೊದಲ ವರ್ಷದ 450ರಲ್ಲಿ ಅವಳದ್ದೇ 250, ಸಾಲ 200. ಆಮೇಲೆ ವರ್ಷಕ್ಕೆ 450ರಂತೆ ಮೂರು ಸಲ. ಒಟ್ಟು ಸಾಲ 1550. ಜೊತೆಗೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗುವುದು ಅಂತ ಅಪ್ಪ ಒಪ್ಪಿದರು. ಮೊದಲ ವರ್ಷ ತಿಂಗಳಿಗೆ 2ಕ್ಕಿಂತ ಕಡಿಮೆ, ಎರಡನೇ ವರ್ಷ ಐದೂವರೆಗೆ ಹತ್ತಿರ, ಮೂರನೆಯದರಲ್ಲಿ 9, ಆಮೇಲೆ 13. ಹೀಗೆ ಮಾಡಿದರೆ ಕಂತು ಶುರುವಾಗುವ ದಿನವೂ ಸಾಲ 1550ರಲ್ಲೇ ನಿಂತಿರುತ್ತದೆ. 10 ವರ್ಷಕ್ಕೆ ತಿಂಗಳ ಕಂತು ಇಪ್ಪತ್ತೂವರೆ.

ಅದೇ ಕಾಲೇಜು, ಅದೇ ಪದವಿ, 43ರ ಜಾಗದಲ್ಲಿ 20.5. ಬಡ್ಡಿ, ಕಂತು, ಅವಳ ಉಳಿತಾಯ ಎಲ್ಲ ಕೂಡಿದರೂ ಒಟ್ಟು ಹೋಗುವುದು ಸುಮಾರು 3215. ಮೊದಲ ದಾರಿಯಲ್ಲಿ 5140 ಹೋಗುತ್ತಿತ್ತು. ವ್ಯತ್ಯಾಸ 1900ಕ್ಕೂ ಮೇಲೆ, ವರ್ಷ ತಡವಾದ ನಷ್ಟ 800.

ನನಗೆ ಪೂರ್ತಿ ಸಮಾಧಾನ ಇದೆ ಅಂತ ಹೇಳಲಾರೆ. 1550 ಈಗಲೂ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚೇ. ಈ ಮಾತನ್ನು ಸಹಿಯ ಮೊದಲೇ ಇಬ್ಬರಿಗೂ ಹೇಳಿದ್ದೆ.

ಹುಡುಗಿ ಈಗ ಮೂರನೇ ವರ್ಷದಲ್ಲಿದ್ದಾಳೆ. ಕಳೆದ ತಿಂಗಳು ಮೂವರೂ ಮತ್ತೆ ಹಾಳೆ ತೆಗೆದು ಕೂತೆವು. ಪದವಿ ಮುಗಿದ ಕೂಡಲೇ ಪದವೀಧರರ ಕೆಲಸ ಸಿಗದಿದ್ದರೆ ಏನು ಅಂತ ನೋಡಬೇಕಿತ್ತು. ಹಳೆಯ ವರ್ಕ್‌ಶಾಪಿನವರು ತಂತ್ರಜ್ಞೆಯ ಸಂಬಳಕ್ಕೆ ಯಾವಾಗ ಬಂದರೂ ತೆಗೆದುಕೊಳ್ಳುತ್ತೇವೆ ಅಂದಿದ್ದಾರೆ. ಅದು 70. ಬದುಕಿನ ಖರ್ಚು 55, ಕಂತು 20.5, ಕೂಡಿದರೆ 75.5. ತಿಂಗಳಿಗೆ ಐದೂವರೆ ಕೊರತೆ. ಹುಡುಗಿ ಆ ಐದೂವರೆಯ ಕೆಳಗೆ ಗೆರೆ ಎಳೆಯಲು ಪೆನ್ನು ಎತ್ತಿದಳು.

ಅಪ್ಪ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಈಗ ತಿಂಗಳಿಗೆ ಒಂಬತ್ತು ಬಡ್ಡಿ ಕಟ್ತಾ ಇದ್ದೀನಲ್ಲಮ್ಮಾ. ಆಗ ಐದೂವರೆ ಕಟ್ಟೋಕಾಗಲ್ವಾ?"